ಅಡ್ಡಗಾಳಿಯಲ್ಲಿ ವಿಮಾನ ಇಳಿಸುವುದು: ಚಿಕ್ಕಬಳ್ಳಾಪುರದ ಒಬ್ಬ ವಿದ್ಯಾರ್ಥಿನಿಯ ಪ್ರಕರಣ

ಇದು ಪೈಲಟ್ ಆಗಲು ಹೊರಟ ಒಬ್ಬ ಹುಡುಗಿಯ ಪ್ರಕರಣ. ಅವಳ ಊರು ಚಿಕ್ಕಬಳ್ಳಾಪುರದ ಹತ್ತಿರದ ಒಂದು ಹಳ್ಳಿ. ತರಬೇತಿ ನಡೆದದ್ದು ಹೊರರಾಜ್ಯದ ಒಂದು ಫ್ಲೈಯಿಂಗ್ ಶಾಲೆಯಲ್ಲಿ. ಗುರುತು ಸಿಗಬಾರದು ಅಂತ ಹೆಸರು, ವರ್ಷ, ಶಾಲೆ ಯಾವುದನ್ನೂ ಬರೆಯುತ್ತಿಲ್ಲ. ಕೆಲವು ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಹುಡುಗಿಯೂ ಅವಳ ತಂದೆಯೂ ಬರೆಯಲು ಒಪ್ಪಿದ್ದಾರೆ. ನಾನು ಹಿಂದೆ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ ಆಗಿದ್ದವನು. ಈಗ ಚಿಕ್ಕಬಳ್ಳಾಪುರದಲ್ಲಿದ್ದುಕೊಂಡು ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಪರೀಕ್ಷೆ ಬರೆಯುವ ಮಕ್ಕಳಿಗೆ ಪಾಠ ಹೇಳುತ್ತೇನೆ. ಕ್ರಾಸ್‌ವಿಂಡ್ ಲ್ಯಾಂಡಿಂಗ್‌ನಲ್ಲಿ, ಅಂದರೆ ರನ್‌ವೇಗೆ ಅಡ್ಡವಾಗಿ ಗಾಳಿ ಬೀಸುವಾಗ ವಿಮಾನ ಇಳಿಸುವುದರಲ್ಲಿ, ಸಿಕ್ಕಿಹಾಕಿಕೊಳ್ಳುವ ಮಕ್ಕಳನ್ನು ಬಹಳ ನೋಡಿದ್ದೇನೆ. ಅವರಿಗೂ, ಅವರಿಗೆ ಕಲಿಸುವವರಿಗೂ ಈ ಪ್ರಕರಣ ಉಪಯೋಗಕ್ಕೆ ಬರುತ್ತದೆ ಅನ್ನುವ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಹಿನ್ನೆಲೆ

ಮನೆಯವರದು ದ್ರಾಕ್ಷಿ ತೋಟ. ಜೊತೆಗೆ ಒಂದಿಷ್ಟು ಹೂವು. ಹುಡುಗಿ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ತೆಗೆದುಕೊಂಡು ಚೆನ್ನಾಗಿ ಪಾಸಾದವಳು. ತಂದೆ ಜಮೀನಿನ ಮೇಲೆ ಸಾಲ ಮಾಡಿ ಫ್ಲೈಯಿಂಗ್ ಶಾಲೆಗೆ ಸೇರಿಸಿದರು. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಕನಿಷ್ಠ 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ವಿಮಾನದ ಪೂರ್ತಿ ಹೊಣೆ ಹೊತ್ತು, ಪೈಲಟ್ ಇನ್ ಕಮಾಂಡ್ ಆಗಿ ಹಾರಿರಬೇಕು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಸೋಲೋ, ಅಂದರೆ ಇನ್‌ಸ್ಟ್ರಕ್ಟರ್ ಇಲ್ಲದೆ ಒಬ್ಬರೇ ಹಾರುವುದು, ನಿಂತರೆ ಈ 100 ಗಂಟೆಯೂ ನಿಲ್ಲುತ್ತದೆ. ಸಾಲದ ಬಡ್ಡಿ ನಿಲ್ಲುವುದಿಲ್ಲ.

ಅವಳು ಹಾರಿಸುತ್ತಿದ್ದದ್ದು ಸೆಸ್ನಾ 172. ನಾಲ್ಕು ಸೀಟಿನ, ರೆಕ್ಕೆ ಮೇಲಿರುವ, ಮುಂದೆ ಒಂದು ಚಕ್ರ ಹಿಂದೆ ಎರಡು ಚಕ್ರದ ಸಣ್ಣ ವಿಮಾನ. ಇದರ ಕೈಪಿಡಿಯಲ್ಲಿ 15 ನಾಟ್ ಅಡ್ಡಗಾಳಿಯ ಮಾತು ಬರುತ್ತದೆ. ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್. ಅಷ್ಟು ಗಾಳಿಯಲ್ಲಿ ಇಳಿಸಿ ತೋರಿಸಲಾಗಿದೆ ಎಂದು ಅದರ ಅರ್ಥ. ತೋರಿಸಿದವರು ಪಳಗಿದ ಪರೀಕ್ಷಾ ಪೈಲಟ್‌ಗಳು. ಕಲಿಯುವವರಿಗೆ ಅದು ಗುರಿಯೂ ಅಲ್ಲ, ಅನುಮತಿಯೂ ಅಲ್ಲ. ಶಾಲೆಯವರು ವಿದ್ಯಾರ್ಥಿಗಳ ಸೋಲೋಗೆ 8 ನಾಟ್ ಮಿತಿ ಇಟ್ಟಿದ್ದರು. ಸರಿಯಾದ ನಿರ್ಧಾರ.

ಇನ್ನೊಂದು ವಿಷಯ. ನಮ್ಮ ಕಡೆ ಮಳೆಗಾಲದಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಚಳಿಗಾಲದಲ್ಲಿ ಪೂರ್ವ, ಈಶಾನ್ಯದಿಂದ. ಅದಕ್ಕೇ ದೇವನಹಳ್ಳಿ, ಎಚ್‌ಎಎಲ್, ಜಕ್ಕೂರು ಎಲ್ಲ ಕಡೆಯೂ ರನ್‌ವೇ ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿಯೇ ಇದೆ. ಗಾಳಿ ಬಹುಪಾಲು ರನ್‌ವೇ ಉದ್ದಕ್ಕೇ ಸಿಗುತ್ತದೆ. ಈ ಹುಡುಗಿಯ ಶಾಲೆಯ ರನ್‌ವೇ ಉತ್ತರ-ದಕ್ಷಿಣ. ಮುಂಗಾರು ಶುರುವಾದ ಮೇಲೆ ಅಲ್ಲಿ ಅಡ್ಡಗಾಳಿ ಇಲ್ಲದ ಮಧ್ಯಾಹ್ನವೇ ಇರುತ್ತಿರಲಿಲ್ಲ.

ಘಟನೆ

ಆ ದಿನ ಪಕ್ಕದ ಸೀಟಿನಲ್ಲಿ ಇನ್‌ಸ್ಟ್ರಕ್ಟರ್ ಇದ್ದರು. ದಕ್ಷಿಣಕ್ಕೆ ಮುಖ ಮಾಡಿದ ರನ್‌ವೇ 18ರಲ್ಲಿ ಇಳಿಯುವುದಿತ್ತು. ರನ್‌ವೇ ನಂಬರ್ ಅದು ನೋಡುವ ದಿಕ್ಕನ್ನು ಹೇಳುತ್ತದೆ; 18 ಅಂದರೆ 180 ಡಿಗ್ರಿ. ಟವರ್ ಹೇಳಿದ ಗಾಳಿ 240 ಡಿಗ್ರಿಯಿಂದ 14 ನಾಟ್. ರನ್‌ವೇಗೂ ಗಾಳಿಗೂ 60 ಡಿಗ್ರಿ ಅಂತರ. ಅಡ್ಡಕ್ಕೆ ಬೀಳುವ ಪಾಲು ಸುಮಾರು 12 ನಾಟ್, ಬಲಗಡೆಯಿಂದ.

ಫೈನಲ್‌ನಲ್ಲಿ, ಅಂದರೆ ರನ್‌ವೇ ನೇರಕ್ಕೆ ಇಳಿದು ಬರುವ ಕೊನೆಯ ಹಂತದಲ್ಲಿ, ಎಲ್ಲ ಸರಿಯಾಗಿತ್ತು. ಮೂಗನ್ನು ಸ್ವಲ್ಪ ಬಲಕ್ಕೆ, ಗಾಳಿಯ ಕಡೆಗೆ ತಿರುಗಿಸಿಕೊಂಡು ನೇರ ದಾರಿಯಲ್ಲಿ ಬಂದಳು. ಇದನ್ನು ಕ್ರ್ಯಾಬ್ ಅನ್ನುತ್ತಾರೆ. ಹರಿಯುವ ಕಾಲುವೆಯಲ್ಲಿ ಈಜುವವನು ಎದುರು ದಡದ ಮೆಟ್ಟಿಲು ಮುಟ್ಟಲು ನೀರು ಬರುವ ಕಡೆಗೆ ಓರೆಯಾಗಿ ಈಜುತ್ತಾನಲ್ಲ, ಹಾಗೆ. ನೆಲ ಮುಟ್ಟುವಾಗ ಮಾತ್ರ ಹೀಗೆ ಓರೆಯಾಗಿರುವಂತಿಲ್ಲ. ಚಕ್ರ ಒಂದು ಕಡೆ ನೋಡುತ್ತಾ ವಿಮಾನ ಇನ್ನೊಂದು ಕಡೆ ಓಡಿದರೆ ಚಕ್ರದ ಕಾಲಿಗೆ ಅಡ್ಡ ಹೊಡೆತ ಬೀಳುತ್ತದೆ. ಅದಕ್ಕೆ ನೆಲ ಹತ್ತಿರವಾದಾಗ ಎಡಗಾಲಿನಿಂದ ರಡ್ಡರ್ ಪೆಡಲ್ (ಬಾಲದ ಹಲಗೆ ಆಡಿಸಿ ಮೂಗನ್ನು ಎಡಬಲ ತಿರುಗಿಸುವಂಥದ್ದು) ಒತ್ತಿ ಮೂಗನ್ನು ರನ್‌ವೇ ನೇರಕ್ಕೆ ತರಬೇಕು. ಮೂಗು ನೇರವಾದ ತಕ್ಷಣ ಗಾಳಿ ವಿಮಾನವನ್ನು ಎಡಕ್ಕೆ ತಳ್ಳುತ್ತದೆ. ಅದನ್ನು ತಡೆಯಲು ಯೋಕ್ (ಕೈಯಲ್ಲಿ ಹಿಡಿಯುವ, ಸ್ಟೇರಿಂಗ್‌ನಂಥ ಹಿಡಿಕೆ) ಬಲಕ್ಕೆ ತಿರುಗಿಸಿ ಬಲರೆಕ್ಕೆ ತಗ್ಗಿಸಬೇಕು. ಆಗ ಬಲಚಕ್ರ ಮೊದಲು ಮುಟ್ಟುತ್ತದೆ, ಆಮೇಲೆ ಎಡಚಕ್ರ, ಕೊನೆಗೆ ಮುಂದಿನದು.

ಇಷ್ಟನ್ನೂ ಮಾಡಿದಳು. ಬಲಚಕ್ರ ಮುಟ್ಟಿತು, ಎಡಚಕ್ರವೂ ಮುಟ್ಟಿತು. ಆಮೇಲೆ ಮೂಗು ಬಲಕ್ಕೆ ಎಳೆಯತೊಡಗಿತು. ಇದು ಸಹಜ. ಬಾಲದ ಮೇಲೆ ಗಾಳಿ ಬೀಳುವುದರಿಂದ ವಿಮಾನ ನೆಲದ ಮೇಲೆ ಗಾಳಿಯ ಕಡೆಗೆ ಮುಖ ತಿರುಗಿಸುತ್ತದೆ. ಆ ಕ್ಷಣಕ್ಕೆ ಅವಳ ಕೈ ಯೋಕ್ ಅನ್ನು ಎಡಕ್ಕೆ ತಿರುಗಿಸಿತು. ಬಲರೆಕ್ಕೆ ಎದ್ದಿತು. ವಿಮಾನ ಇನ್ನೂ ಜೋರಾಗಿ ಬಲಕ್ಕೆ ಹೊರಳಿ ರನ್‌ವೇ ಅಂಚಿನ ಕಡೆಗೆ ಓಡಿತು. ಇನ್‌ಸ್ಟ್ರಕ್ಟರ್ ಕೈಗೆ ತೆಗೆದುಕೊಂಡು ಉಳಿಸಿದರು. ಡಾಂಬರಿನ ಮೇಲೆಯೇ ನಿಂತಿತು. ಒಂದು ಟೈರ್ ಸವೆದದ್ದು ಬಿಟ್ಟರೆ ಏನೂ ಆಗಲಿಲ್ಲ.

ಮುಖ್ಯ ಇನ್‌ಸ್ಟ್ರಕ್ಟರ್ ಅವಳ ಸೋಲೋ ನಿಲ್ಲಿಸಿದರು.

ಮೊದಲು ಮಾಡಿ ನೋಡಿದ್ದು

ಶಾಲೆ ಕೊಟ್ಟ ಮೊದಲ ಮದ್ದು ಎಲ್ಲ ಕಡೆ ಕೊಡುವಂಥದ್ದೇ. ಇನ್ನಷ್ಟು ಲ್ಯಾಂಡಿಂಗ್ ಮಾಡಿಸಿ, ತಾನೇ ಸರಿಹೋಗುತ್ತದೆ. ಮಾಡಿಸಿದರು. ಸರಿಹೋಗಲಿಲ್ಲ. ಒಂದು ಚೆನ್ನಾಗಿ ಬಂದರೆ ಮುಂದಿನದು ಕೆಟ್ಟದಾಗುತ್ತಿತ್ತು. ಯಾಕೆ ಚೆನ್ನಾಯಿತು, ಯಾಕೆ ಕೆಟ್ಟಿತು ಅಂತ ಅವಳಿಗೂ ಗೊತ್ತಾಗುತ್ತಿರಲಿಲ್ಲ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಬೇಕು. ಸರ್ಕ್ಯೂಟ್ ಹಾರಾಟದಲ್ಲಿ, ಅಂದರೆ ರನ್‌ವೇ ಸುತ್ತ ಸುತ್ತಿ ಮತ್ತೆ ಮತ್ತೆ ಇಳಿಯುವಾಗ, ಒಂದು ಗಂಟೆಗೆ ಏಳೆಂಟು ಲ್ಯಾಂಡಿಂಗ್ ಆಗುತ್ತದೆ. ಅಡ್ಡಗಾಳಿಯ ನಿಜವಾದ ಕೆಲಸ ಇರುವುದು ನೆಲದ ಹತ್ತಿರ, ಒಂದೊಂದರಲ್ಲಿ 15 ಸೆಕೆಂಡು ಅಂತಿಟ್ಟುಕೊಳ್ಳಿ. ಗಂಟೆಗೆ ಎರಡು ನಿಮಿಷ. ಉಳಿದ 58 ನಿಮಿಷ ಏರುವುದು, ತಿರುಗುವುದು, ರೇಡಿಯೋ ಮಾತು. ಒಂದು ಗಂಟೆಗೆ ದುಡ್ಡು ಕೊಟ್ಟು ಎರಡು ನಿಮಿಷ ಅಭ್ಯಾಸ. ಆ ಎರಡು ನಿಮಿಷವೂ ಹೆದರಿಕೆಯಲ್ಲೇ ಕಳೆದರೆ ಕಲಿಯುವುದಾದರೂ ಏನನ್ನು?

ಆಮೇಲೆ ಅವಳಿಗೆ ಬೆಳಗಿನ ಮೊದಲ ಸರದಿ ಕೊಟ್ಟರು. ಸೂರ್ಯ ಹುಟ್ಟುವ ಹೊತ್ತಿಗೆ ಗಾಳಿ ಕಮ್ಮಿ. ಲ್ಯಾಂಡಿಂಗ್ ಬೆಣ್ಣೆಯಂತೆ ಬರತೊಡಗಿತು. ಎಲ್ಲರಿಗೂ ಸಮಾಧಾನ. ಹೊತ್ತೇರಿ ಗಾಳಿ ಎದ್ದ ಒಂದು ದಿನ ಮತ್ತೆ ಅದೇ ತಪ್ಪು. ಗಾಳಿಯಿಂದ ದೂರ ಇಟ್ಟು ಗಾಳಿಯನ್ನು ಕಲಿಸಲು ಆಗುವುದಿಲ್ಲ.

ಅವಳು ತನ್ನಷ್ಟಕ್ಕೆ ಮಾಡಿದ್ದು ಇನ್ನೊಂದು. ರಾತ್ರಿಯೆಲ್ಲ ಮೊಬೈಲ್‌ನಲ್ಲಿ ದೊಡ್ಡ ಜೆಟ್ ವಿಮಾನಗಳು ಬಿರುಗಾಳಿಯಲ್ಲಿ ಓರೆಯಾಗಿ ಇಳಿಯುವ ವಿಡಿಯೋ ನೋಡುತ್ತಿದ್ದಳು. ಕೊನೇ ಗಳಿಗೆಯಲ್ಲಿ ಒಂದೇ ಏಟಿಗೆ ಮೂಗು ನೇರ ಮಾಡುವುದನ್ನು ಅನುಕರಿಸಿದಳು. ಈ ವಿಡಿಯೋಗಳು ಸಣ್ಣ ವಿಮಾನ ಕಲಿಯುವವರ ದಾರಿ ತಪ್ಪಿಸುತ್ತವೆ. ಜೆಟ್‌ಗಳಲ್ಲಿ ಇಂಜಿನ್ ರೆಕ್ಕೆಯ ಕೆಳಗೆ ತೂಗುತ್ತಿರುತ್ತದೆ. ಜಾಸ್ತಿ ವಾಲಿಸಿದರೆ ಇಂಜಿನ್ ನೆಲಕ್ಕೆ ತಗಲುತ್ತದೆ. ಅವರು ರೆಕ್ಕೆ ತಗ್ಗಿಸಿ ಇಳಿಯುವುದಕ್ಕೆ ಮಿತಿ ಇದೆ. ಸ್ವಲ್ಪ ಓರೆಯಾಗಿಯೇ ಮುಟ್ಟಿದರೂ ಅವರ ಚಕ್ರದ ಕಾಲು ತಡೆದುಕೊಳ್ಳುತ್ತದೆ. ಸೆಸ್ನಾಗೆ ಆ ತೂಕವೂ ಇಲ್ಲ, ಆ ಕಾಲೂ ಇಲ್ಲ. ಆದರೆ ರೆಕ್ಕೆ ಮೇಲಿರುವುದರಿಂದ ಧಾರಾಳವಾಗಿ ವಾಲಿಸಬಹುದು. ಅದರ ಅನುಕೂಲ ಬಿಟ್ಟು ಜೆಟ್‌ನ ಕಷ್ಟವನ್ನು ಎರವಲು ತಂದಂತಾಗಿತ್ತು.

ತಿರುವು: ಕುರ್ಚಿಯ ಮೇಲೆ ಸಿಕ್ಕ ಸುಳಿವು

ಆಷಾಢದಲ್ಲಿ ಮೋಡ ಕೆಳಗಿಳಿದು ಶಾಲೆಯಲ್ಲಿ ಹಾರಾಟ ಕಮ್ಮಿಯಾಯಿತು. ಹುಡುಗಿ ಊರಿಗೆ ಬಂದಳು. ತಂದೆ ಕರೆದುಕೊಂಡು ಬಂದು ನನ್ನೆದುರು ಕೂರಿಸಿದರು. “ಸಾರ್, ಇವಳಿಗೆ ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ಇನ್ನೂ ಸಾಲ ಮಾಡೋ ಮೊದ್ಲು ಗೊತ್ತಾಗ್ಲಿ” ಅಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಥಿಯರಿ ಕೇಳಿದೆ. ಪಟಪಟ ಹೇಳಿದಳು. ಒಂದೂ ತಪ್ಪಿಲ್ಲ. ಪುಸ್ತಕದಲ್ಲಿ ತೊಂದರೆ ಇಲ್ಲ ಅಂತಾಯಿತು. ಹಾಗಾದರೆ ಕೈಕಾಲು ಏನು ಮಾಡುತ್ತವೆ ನೋಡೋಣ ಅಂತ ಕುರ್ಚಿಯ ಮೇಲೆ ಕೂರಿಸಿದೆ. ಎಡಗೈಗೆ ಯೋಕ್ ಬದಲು ಒಂದು ಊಟದ ತಟ್ಟೆ ಕೊಟ್ಟೆ. ಬಲಗೈ ಥ್ರಾಟಲ್ (ಇಂಜಿನ್ ಶಕ್ತಿ ಏರಿಳಿಸುವ ಹಿಡಿ) ಮೇಲಿದೆ ಅಂದುಕೋ ಅಂದೆ. ಕಣ್ಣು ಮುಚ್ಚಿಸಿ, ಫೈನಲ್‌ನಿಂದ ಶುರು ಮಾಡಿ ಒಂದೊಂದೇ ಹಂತ ನಾನು ಬಾಯಲ್ಲಿ ಹೇಳುತ್ತಾ ಹೋದೆ. ಫ್ಲೇರ್‌ವರೆಗೆ, ಅಂದರೆ ನೆಲ ಮುಟ್ಟುವ ಮುನ್ನ ಮೂಗು ಎತ್ತುವವರೆಗೆ, ಕೈಕಾಲು ಎರಡೂ ಸರಿಯಾಗಿದ್ದವು. “ಚಕ್ರ ಮುಟ್ಟಿತು. ಮೂಗು ಬಲಕ್ಕೆ ಎಳೀತಿದೆ” ಅಂದೆ. ತಟ್ಟೆ ಎಡಕ್ಕೆ ತಿರುಗಿತು. ಕಾಲು ಅಲ್ಲಾಡಲೇ ಇಲ್ಲ.

ಮತ್ತೆ ಮಾಡಿಸಿದೆ. ಮತ್ತೆ ಅದೇ. ನಡುವೆ ಕೇಳಿದರೆ ಸರಿಯಾದ ಉತ್ತರವನ್ನೇ ಹೇಳುತ್ತಿದ್ದಳು. ಕೈ ಮಾತ್ರ ಬೇರೆ ಉತ್ತರ ಕೊಡುತ್ತಿತ್ತು.

“ಏನಮ್ಮಾ, ನೀನು ಏನೇನು ಗಾಡಿ ಓಡಿಸ್ತೀಯ?” ಅಂತ ಕೇಳಿದೆ.

“ಸ್ಕೂಟರ್ ಓಡಿಸ್ತೀನಿ ಸರ್. ಟ್ರ್ಯಾಕ್ಟರ್ ಹೈಸ್ಕೂಲಿಂದ್ಲೂ ಓಡಿಸ್ತೀನಿ” ಅಂದಳು. ತಂದೆ ಪಕ್ಕದಿಂದ, “ನಮ್ಮ ತೋಟದಲ್ಲಿ ಉಳೋದು ಅವಳೇ ಸಾರ್. ಸಾಲು ಒಂದಿಷ್ಟೂ ಸೊಟ್ಟ ಆಗಲ್ಲ” ಅಂದರು, ಹೆಮ್ಮೆಯಿಂದ.

ಅಲ್ಲೇ ಇತ್ತು ಉತ್ತರ. ಟ್ರ್ಯಾಕ್ಟರಿನ ಮೂಗು ಬಲಕ್ಕೆ ಹೋದರೆ ಸ್ಟೇರಿಂಗ್ ಎಡಕ್ಕೆ. ವರ್ಷಗಟ್ಟಲೆ ಮಾಡಿದ ಅಭ್ಯಾಸ ಅದು. ಆಕಾಶದಲ್ಲಿ ಇರುವಷ್ಟು ಹೊತ್ತು ಅವಳು ಪೈಲಟ್. ಚಕ್ರ ನೆಲ ಮುಟ್ಟಿದ ಕ್ಷಣಕ್ಕೆ ಕೈಗೆ ತಾನೊಂದು ಗಾಡಿ ಓಡಿಸುತ್ತಿದ್ದೇನೆ ಅನ್ನಿಸಿಬಿಡುತ್ತಿತ್ತು. ವಿಮಾನದಲ್ಲಿ ಯೋಕ್ ತಿರುಗಿಸಿದರೆ ಚಕ್ರ ತಿರುಗುವುದಿಲ್ಲ, ರೆಕ್ಕೆಯ ಹಿಂಬದಿಯಲ್ಲಿರುವ ಏಲೆರಾನ್ ಎಂಬ ಹಲಗೆ ಮೇಲೆ ಕೆಳಗೆ ಆಗುತ್ತದೆ. ಬಲದಿಂದ ಗಾಳಿ ಇರುವಾಗ ಯೋಕ್ ಎಡಕ್ಕೆ ಹೋದರೆ ಬಲರೆಕ್ಕೆಯ ಏಲೆರಾನ್ ಕೆಳಗಿಳಿಯುತ್ತದೆ. ಆ ರೆಕ್ಕೆ ಎದ್ದು, ಅದರ ಅಡಿಗೆ ಗಾಳಿ ನುಗ್ಗುತ್ತದೆ. ಇಳಿದ ಏಲೆರಾನ್ ಆ ಕಡೆಯೇ ಎಳೆತ ಹೆಚ್ಚಿಸಿ ಮೂಗನ್ನು ಇನ್ನಷ್ಟು ಬಲಕ್ಕೆ ಜಗ್ಗುತ್ತದೆ. ತಪ್ಪನ್ನು ತಿದ್ದಲು ಹೋದ ಕೈಯೇ ತಪ್ಪನ್ನು ಬೆಳೆಸುತ್ತಿತ್ತು. ಗಾಡಿ ಓಡಿಸಿ ಬಂದ ಎಲ್ಲ ವಿದ್ಯಾರ್ಥಿಗಳಲ್ಲೂ ಇದು ಸ್ವಲ್ಪಮಟ್ಟಿಗೆ ಇರುತ್ತದೆ. ಇವಳು ಚೆನ್ನಾಗಿ ಓಡಿಸುವವಳು, ಹಾಗಾಗಿ ಇವಳಲ್ಲಿ ಆಳವಾಗಿತ್ತು.

ತಂದೆಗೆ ಹೇಳಿದೆ: “ಯಜಮಾನ್ರೇ, ಇವಳಿಗೆ ಆಗಲ್ಲ ಅನ್ನೋ ಮಾತಿಲ್ಲ. ಒಂದು ಅಭ್ಯಾಸ ಬಿಡಿಸಿ ಇನ್ನೊಂದು ಕೂರಿಸಬೇಕು. ಅದಕ್ಕೆ ವಿಮಾನ ಬೇಡ, ತೋಟ ಸಾಕು.”

ತೋಟದಲ್ಲಿ ನಡೆದ ಅಭ್ಯಾಸ

ಇಲ್ಲಿ ಕೆಲವು ನಿರ್ಧಾರ ಮಾಡಬೇಕಾಯಿತು. ಮೊದಲನೆಯದು ಸಿಮ್ಯುಲೇಟರ್ ವಿಷಯ. ಅವಳ ಗೆಳೆಯರೊಬ್ಬರ ಹತ್ತಿರ ಕಂಪ್ಯೂಟರ್ ಗೇಮ್‌ಗೆ ಬಳಸುವ ಜಾಯ್‌ಸ್ಟಿಕ್ ಇತ್ತು. ಅದರಲ್ಲಿ ರಡ್ಡರ್‌ಗೆ ಪೆಡಲ್ ಇಲ್ಲ. ಕೋಲನ್ನೇ ತಿರುಚಬೇಕು. ಬೇಡ ಅಂದೆ. ಕಾಲಿನ ಕೆಲಸವನ್ನು ಕೈಗೆ ಕೊಡುವ ಯಂತ್ರ ಅದು. ಇವಳ ರೋಗಕ್ಕೆ ಅದು ನೇರ ವಿಷ. ಪೆಡಲ್ ಇರುವ ಸಿಮ್ಯುಲೇಟರ್ ಆಗಿದ್ದರೆ ಖಂಡಿತ ಹೌದು ಅನ್ನುತ್ತಿದ್ದೆ.

ಬದಲಿಗೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಹಲಗೆಗೆ ನಡುವೆ ಕಂಬಿ ಹಾಕಿಸಿ, ಎಡಗಾಲು ಒತ್ತಿದರೆ ಬಲಗಾಲು ಹಿಂದಕ್ಕೆ ಬರುವ ಹಾಗೆ ಮಾಡಿಸಿದೆವು. ತಟ್ಟೆಯನ್ನು ಹಾಗೇ ಉಳಿಸಿಕೊಂಡೆವು. ತಂದೆ ಹಳೇ ಜೀಪಿನ ಸ್ಟೇರಿಂಗ್ ತಂದುಕೊಡುತ್ತೇನೆ ಅಂದರು. ಅದನ್ನೂ ಬೇಡ ಅಂದೆ. ಕೈಗೆ ಸ್ಟೇರಿಂಗ್ ಸಿಕ್ಕರೆ ಮತ್ತೆ ಗಾಡಿಯ ನೆನಪೇ.

ಮೊದಲು ಕಾಲಿನ ಅಭ್ಯಾಸ ಮಾತ್ರ. ಕೈ ತೊಡೆಯ ಮೇಲೆ ಸುಮ್ನೆ ಇರಬೇಕು. ಯಾರಾದರೂ “ಮೂಗು ಬಲಕ್ಕೆ” ಅಂದರೆ ಎಡಗಾಲು. “ಮೂಗು ಎಡಕ್ಕೆ” ಅಂದರೆ ಬಲಗಾಲು. ಅವಳ ತಮ್ಮ ಊಟದ ಹೊತ್ತಲ್ಲೂ ಕೂಗುತ್ತಿದ್ದ. ಕಾಲು ತಾನಾಗಿ ಹೋಗತೊಡಗಿದ ಮೇಲೆ ಕೈಗೆ ತಟ್ಟೆ ಕೊಟ್ಟೆ. ಆಗ ಒಂದು ಸಾಲು ಬಾಯಿಪಾಠ ಮಾಡಿಸಿದೆ: ಗಾಳಿ ಬಂದ ಕಡೆಗೆ ಕೈ, ಮೂಗು ಹೋಗಬೇಕಾದ ಕಡೆಗೆ ಕಾಲು. ಚಕ್ರ ಮುಟ್ಟಿದ ಮೇಲೆ ಕೈ ಸಡಿಲಬಾರದು. ವೇಗ ಇಳಿದಷ್ಟೂ ಏಲೆರಾನ್ ಮೇಲೆ ಹರಿಯುವ ಗಾಳಿ ಕಮ್ಮಿ, ಅದರ ಶಕ್ತಿಯೂ ಕಮ್ಮಿ. ಅದಕ್ಕೇ ತಟ್ಟೆ ನಿಧಾನವಾಗಿ ಇನ್ನೂ ಬಲಕ್ಕೆ ಹೋಗುತ್ತಾ, ವಿಮಾನ ನಿಧಾನವಾಗುವ ಹೊತ್ತಿಗೆ ಪೂರ್ತಿ ತಿರುಗಿರಬೇಕು.

ಆಮೇಲೆ ಗಾಳಿಯನ್ನು ಓದುವುದು. ದ್ರಾಕ್ಷಿ ಚಪ್ಪರದ ಕಲ್ಲುಕಂಬಕ್ಕೆ ಒಂದು ಉದ್ದ ಬಿದಿರು ಕಟ್ಟಿ ತುದಿಗೆ ಹಳೇ ಸೀರೆಯ ಬಟ್ಟೆ ಕಟ್ಟಿದಳು. ತೋಟದ ನಡುವಿನ ಬಂಡಿದಾರಿ ಉತ್ತರ-ದಕ್ಷಿಣ. ದಕ್ಷಿಣಕ್ಕೆ ನಡೆದರೆ ಆಷಾಢದ ಗಾಳಿ ಸರಿಯಾಗಿ ಬಲಗಡೆಯಿಂದ, ಶಾಲೆಯ ರನ್‌ವೇ 18ರ ಹಾಗೇ. ಆ ದಾರಿಯಲ್ಲಿ ತಟ್ಟೆ ಹಿಡಿದು ಟ್ಯಾಕ್ಸಿ ಮಾಡುತ್ತಾ, ಅಂದರೆ ವಿಮಾನವನ್ನು ನೆಲದ ಮೇಲೆ ಓಡಿಸುವ ಹಾಗೆ, ನಡೆಯುವುದು. ತಿರುವು ಬಂದಾಗಲೆಲ್ಲ ಗಾಳಿಯ ದಿಕ್ಕು ಬದಲಾಗುತ್ತದೆ, ತಟ್ಟೆಯೂ ಬದಲಾಗಬೇಕು. ಓರೆಯಾಗಿ ಮುಂದಿನಿಂದ ಗಾಳಿ ಬಂದರೆ ಯೋಕ್ ಗಾಳಿಯ ಕಡೆಗೆ. ಓರೆಯಾಗಿ ಹಿಂದಿನಿಂದ ಬಂದರೆ ಯೋಕ್ ಗಾಳಿಯಿಂದ ಆಚೆಗೆ, ಜೊತೆಗೆ ಮುಂದಕ್ಕೆ. ಮೇಲೆ ಹೇಳಿದ ಬಾಯಿಪಾಠಕ್ಕೆ ಇದೊಂದು ಹೊರತು. ಕೂಲಿಯವರು ಮೊದಲು ನಕ್ಕರು. ಆಮೇಲೆ ಅವರೇ “ಅಕ್ಕಾ, ಗಾಳಿ ತಿರುಗ್ತು” ಅಂತ ಹೇಳತೊಡಗಿದರು.

ತೋಟದ ಪಶ್ಚಿಮಕ್ಕೆ ಒಂದು ನೀಲಗಿರಿ ತೋಪು ಇತ್ತು. ಅದರ ಮರೆಯಲ್ಲಿ ಬಟ್ಟೆ ಒಮ್ಮೆ ಜೋತುಬೀಳುತ್ತಿತ್ತು, ಒಮ್ಮೆ ಎಲ್ಲ ಕಡೆ ಹೊಡೆದುಕೊಳ್ಳುತ್ತಿತ್ತು. ತೋಪು ಮುಗಿದ ಜಾಗದಲ್ಲಿ ಗಾಳಿ ತಟ್ಟನೆ ಮೈಗೆ ಬಡಿಯುತ್ತಿತ್ತು. ರನ್‌ವೇ ಪಕ್ಕದ ಹ್ಯಾಂಗರ್, ಮರದ ಸಾಲು ಇದನ್ನೇ ಮಾಡುತ್ತವೆ. ಅಲ್ಲಿ ಬಿದ್ದ ಹೊಡೆತಕ್ಕೆ ಯಾಕೆ ಹಾಗಾಯಿತು ಅಂತ ಅವಳಿಗೆ ತಿಳಿದಿರಲಿಲ್ಲ. ಇಲ್ಲಿ ನಡೆದು ನೋಡಿ ತಿಳಿದುಕೊಂಡಳು. ಈ ಪಾಠವನ್ನು ನಾನು ಯೋಜಿಸಿರಲಿಲ್ಲ, ತೋಟವೇ ಕಲಿಸಿತು.

ಕೊನೆಯದು ಮನಸ್ಸಿನ ಲೆಕ್ಕ. ದೇವನಹಳ್ಳಿ ವಿಮಾನ ನಿಲ್ದಾಣದ ಹವಾಮಾನ ವರದಿ ಅರ್ಧ ಗಂಟೆಗೊಮ್ಮೆ ಬರುತ್ತದೆ, ಫೋನಿನಲ್ಲೇ ಸಿಗುತ್ತದೆ. ಅದನ್ನು ನೋಡಿ ಅಡ್ಡಗಾಳಿ ಎಷ್ಟು ಅಂತ ಪೆನ್ನು ಮುಟ್ಟದೆ ಹೇಳಬೇಕು. ಕೋನ 30 ಡಿಗ್ರಿ ಆದರೆ ಗಾಳಿಯ ಅರ್ಧ. 45 ಆದರೆ ನೂರಕ್ಕೆ 70. 60 ಆದರೆ ಸುಮಾರು 90. ಉದಾಹರಣೆಗೆ 240 ಡಿಗ್ರಿಯಿಂದ 12 ನಾಟ್ ಇದ್ದರೆ ದೇವನಹಳ್ಳಿಯ ರನ್‌ವೇ 27ಕ್ಕೆ ಅಡ್ಡಗಾಳಿ 6 ನಾಟ್ ಮಾತ್ರ. ಅದೇ ಗಾಳಿ ಅವಳ ಶಾಲೆಯ ರನ್‌ವೇ 18ಕ್ಕೆ 10ಕ್ಕಿಂತ ಸ್ವಲ್ಪ ಜಾಸ್ತಿ. ಒಂದು ಕಡೆ ಅವಳ ಸೋಲೋ ಮಿತಿಯೊಳಗೆ, ಇನ್ನೊಂದು ಕಡೆ ಹೊರಗೆ. ಈ ಉದಾಹರಣೆ ಅವಳಿಗೆ ಬಹಳ ಹಿಡಿಸಿತು.

ಮತ್ತೆ ಶಾಲೆಯಲ್ಲಿ

ಅವಳ ಇನ್‌ಸ್ಟ್ರಕ್ಟರ್ ಚಿಕ್ಕ ವಯಸ್ಸಿನವರು, ಒಳ್ಳೆಯ ಮನಸ್ಸಿನವರು. ಫೋನಿನಲ್ಲಿ ಎಲ್ಲ ಹೇಳಿದೆ. ತಮಗೂ ಕೈಯ ಅನುಮಾನ ಇತ್ತು, ಅದು ಟ್ರ್ಯಾಕ್ಟರಿಂದ ಬಂದದ್ದು ಅಂತ ಹೊಳೆದಿರಲಿಲ್ಲ ಅಂದರು. ಮುಖ್ಯ ಇನ್‌ಸ್ಟ್ರಕ್ಟರ್ ಒಪ್ಪಿಗೆ ಪಡೆದು ಅವರು ಕಲಿಸುವ ಕ್ರಮವನ್ನೇ ಬದಲಿಸಿದರು. ಇನ್ನು ಮುಂದಿನದೆಲ್ಲ ಅವರ ಕೆಲಸ, ನನ್ನದಲ್ಲ.

ಮೊದಲು ಮೇಲೆ, ನೆಲದಿಂದ ದೂರ. ಒಂದು ನೇರ ರಸ್ತೆ ಹಿಡಿದು, ಗಾಳಿಯ ಕಡೆಯ ರೆಕ್ಕೆ ತಗ್ಗಿಸಿ, ಎದುರು ಕಾಲು ಒತ್ತಿ, ಮೂಗು ರಸ್ತೆಯ ಮೇಲೇ ಇರುವಂತೆ ಹಾರುವುದು. ಅಲ್ಲಿ ತಪ್ಪಿದರೆ ಏನೂ ಆಗುವುದಿಲ್ಲ, ಹಾಗಾಗಿ ತಪ್ಪುವ ಧೈರ್ಯ ಬರುತ್ತದೆ.

ಆಮೇಲೆ ರನ್‌ವೇ ಮೇಲೆ ಇಳಿಯದೆ ಹಾರುವುದು. ಸ್ವಲ್ಪ ಪವರ್ ಇಟ್ಟುಕೊಂಡು, ನೆಲದಿಂದ ಕೆಲವೇ ಅಡಿ ಮೇಲೆ, ರನ್‌ವೇ ಉದ್ದಕ್ಕೂ ನಡುಗೆರೆ (ಸೆಂಟರ್‌ಲೈನ್) ಬಿಡದೆ ಹೋಗಿ, ಕೊನೆಗೆ ಏರಿಬಿಡುವುದು. 65 ನಾಟ್ ವೇಗದಲ್ಲಿ ಒಂದು ಕಿಲೋಮೀಟರ್ ದಾಟಲು ಸುಮಾರು ಅರ್ಧ ನಿಮಿಷ ಬೇಕು. ಲ್ಯಾಂಡಿಂಗ್ ಮಾಡಿದರೆ ಸಿಗುವುದರ ಎರಡರಷ್ಟು ಅಭ್ಯಾಸ, ಅದೂ ಚಕ್ರ ಮುಟ್ಟಿಸುವ ಆತಂಕ ಇಲ್ಲದೆ. ಇದಕ್ಕೆ ಪಳಗಿದ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿರಲೇಬೇಕು. ವಿದ್ಯಾರ್ಥಿಗಳು ಒಬ್ಬರೇ ಮಾಡುವಂಥದ್ದಲ್ಲ.

ಇಲ್ಲಿ ಆ ಇನ್‌ಸ್ಟ್ರಕ್ಟರ್ ಮಾಡಿದ ಒಂದು ಕೆಲಸ ನನಗೆ ತುಂಬ ಮೆಚ್ಚಿಗೆಯಾಯಿತು. ಕೆಲಸವನ್ನು ಹಂಚಿಕೊಂಡರು. ಮೊದಲ ಸಲಗಳಲ್ಲಿ ಯೋಕ್, ಥ್ರಾಟಲ್ ಅವರದು. ಅವಳದು ಕಾಲು ಮಾತ್ರ, ಮೂಗು ಗೆರೆಯ ಮೇಲಿರಬೇಕು ಅಷ್ಟೇ. ಆಮೇಲೆ ಅದಲು ಬದಲು. ಕಾಲು ಅವರದು, ಕೈ ಅವಳದು, ವಿಮಾನ ಎಡಬಲ ಜರುಗಬಾರದು. ಎರಡೂ ಕುದುರಿದ ಮೇಲೆ ಎಲ್ಲವೂ ಅವಳದು. ಯಾವುದು ಯಾವುದನ್ನು ಸರಿಮಾಡುತ್ತದೆ ಅನ್ನುವುದು ಆಗ ಅವಳ ಮೈಗೆ ತಿಳಿಯಿತು.

ಇಳಿಯಲು ಶುರು ಮಾಡಿದಾಗ ಕೈ ಗೆದ್ದಿತ್ತು. ಹೊಸದೊಂದು ತೊಂದರೆ ಬಂತು. ಮುಂದಿನ ಚಕ್ರ ಮುಟ್ಟಿದ ಕೂಡಲೇ ವಿಮಾನ ಎಡಕ್ಕೆ ಜಿಗಿಯುತ್ತಿತ್ತು. ಸೆಸ್ನಾದಲ್ಲಿ ಮುಂದಿನ ಚಕ್ರ ರಡ್ಡರ್ ಪೆಡಲ್‌ಗೆ ಜೋಡಣೆಯಾಗಿರುತ್ತದೆ. ಎಡಗಾಲು ಒತ್ತಿಕೊಂಡೇ ಮುಂದಿನ ಚಕ್ರ ಇಳಿಸಿದರೆ ಆ ಚಕ್ರ ಎಡಕ್ಕೆ ತಿರುಗಿಯೇ ನೆಲ ಮುಟ್ಟುತ್ತದೆ. ಅದು ಮುಟ್ಟುವ ಕ್ಷಣಕ್ಕೆ ಕಾಲಿನ ಒತ್ತಡ ಸಡಿಲಿಸಬೇಕು, ಕೈ ಹಾಗೇ ಇರಬೇಕು. ನಾವು ತೋಟದಲ್ಲಿ ಕಾಲಿಗೆ ಕೊಟ್ಟ ತಾಲೀಮು ಅಷ್ಟು ಗಟ್ಟಿಯಾಗಿ ಕೂತಿತ್ತು. ಇದನ್ನು ಬೇಗ ತಿದ್ದಿಕೊಂಡಳು.

ಸೋಲೋ ಮತ್ತೆ ಸಿಕ್ಕಿತು.

ಇಳಿಯದೆ ಬಂದ ದಿನ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ದಿನ ಅವಳು ಒಬ್ಬಳೇ ಹಾರುತ್ತಿದ್ದಾಗ ಬಂತು. ಹೊರಡುವಾಗ ಅಡ್ಡಗಾಳಿ 5 ನಾಟ್. ವಾಪಸ್ ಬರುವ ಹೊತ್ತಿಗೆ ದೂರದಲ್ಲಿ ಮಳೆ ಮೋಡ ಕಟ್ಟಿ ಗಾಳಿ ಏರಿತ್ತು. ಅವಳಿಗೆ ಹೇಳಿಕೊಟ್ಟ ಒಂದು ಪರೀಕ್ಷೆ ಇತ್ತು. ಫೈನಲ್‌ನಲ್ಲೇ, ಎತ್ತರ ಇರುವಾಗಲೇ, ರೆಕ್ಕೆ ತಗ್ಗಿಸಿ ಕಾಲು ಒತ್ತಿ ನೋಡಬೇಕು. ಕಾಲು ಪೂರ್ತಿ ಒತ್ತಿದರೂ ಮೂಗು ರನ್‌ವೇ ನೇರಕ್ಕೆ ಬರದಿದ್ದರೆ ಆ ಗಾಳಿ ಆ ವಿಮಾನಕ್ಕೇ ಜಾಸ್ತಿ. ಅಲ್ಲಿಗೆ ಮಾತು ಮುಗಿಯಿತು. ಅವಳ ಕಾಲು ಕೊನೆಯವರೆಗೆ ಹೋಗಿರಲಿಲ್ಲ. ಆದರೆ ಮನೆಯಲ್ಲಿ ಮಾಡುತ್ತಿದ್ದ ಲೆಕ್ಕ ಮಾಡಿದಳು. ಟವರ್ ಹೇಳಿದ ಗಾಳಿಯ ಅಡ್ಡಪಾಲು 8 ದಾಟಿತ್ತು. ಪವರ್ ಕೊಟ್ಟು ಗೋ-ಅರೌಂಡ್ ಮಾಡಿದಳು, ಅಂದರೆ ಇಳಿಯದೆ ಮತ್ತೆ ಮೇಲೇರಿದಳು.

ಇನ್ನೊಮ್ಮೆ ಬಂದಳು. ಗಾಳಿ ಇಳಿದಿರಲಿಲ್ಲ. ಮತ್ತೆ ಏರಿದಳು. ಟ್ಯಾಂಕಿನಲ್ಲಿ ಸಾಕಷ್ಟು ಇಂಧನ ಇತ್ತು. ಟವರ್‌ಗೆ ತಿಳಿಸಿ, ಮೋಡದಿಂದ ದೂರ ಸರಿದು ಸುತ್ತುತ್ತಾ ಕಾದಳು. ಗಾಳಿ ಇಳಿದ ಮೇಲೆ ಬಂದು, ಬಲಚಕ್ರ ಮೊದಲು ಮುಟ್ಟಿಸಿ, ಗೆರೆಯ ಮೇಲೇ ನಿಲ್ಲಿಸಿದಳು.

ಕೆಳಗೆ ಜೊತೆಯವರು ಕೆಲವರು, “ಮೊದಲ್ನೇ ಸಲವೇ ಇಳಿಸಬಹುದಿತ್ತಲ್ವಾ? ನಿಂಗೀಗ ಬರುತ್ತಲ್ಲ” ಅಂದರಂತೆ. ಇಳಿಸಬಹುದಿತ್ತೋ ಏನೋ. ಇನ್‌ಸ್ಟ್ರಕ್ಟರ್ ಮಾತ್ರ ಆ ಎರಡು ಗೋ-ಅರೌಂಡ್‌ಗಳನ್ನು ಅವಳ ತರಬೇತಿ ದಾಖಲೆಯಲ್ಲಿ ಮೆಚ್ಚುಗೆಯ ಮಾತಿನೊಂದಿಗೆ ಬರೆದರು. ಆ ಬರಹ ಆ ಶಾಲೆಯ ಉಳಿದ ಮಕ್ಕಳ ಮೇಲೂ ಪರಿಣಾಮ ಮಾಡಿತು ಅಂತ ಕೇಳಿದ್ದೇನೆ. ಗೋ-ಅರೌಂಡ್ ಮಾಡಿದರೆ ಮಾರ್ಕ್ಸ್ ಹೋಗುತ್ತದೆ ಅನ್ನುವ ಭಯ ಎಷ್ಟು ಮಕ್ಕಳನ್ನು ಕೆಟ್ಟ ಲ್ಯಾಂಡಿಂಗ್‌ಗೆ ತಳ್ಳುತ್ತದೆ ಅನ್ನುವುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು.

ಇದರಿಂದ ಏನು ತಿಳಿಯುತ್ತದೆ

ಕಲಿಸುವವರಿಗೆ ಮೊದಲು ಒಂದು ಮಾತು. ವಿದ್ಯಾರ್ಥಿ ಎಡವಿದಾಗ ಯಾವ ಸೆಕೆಂಡಿನಲ್ಲಿ, ಕೈಯೋ ಕಾಲೋ ಕಣ್ಣೋ, ಯಾವುದು ಎಡವಿತು ಅಂತ ಹುಡುಕಿ. “ಕ್ರಾಸ್‌ವಿಂಡ್ ವೀಕ್” ಅಂತ ಬರೆದರೆ ಅದರಿಂದ ಮದ್ದು ಹುಟ್ಟುವುದಿಲ್ಲ. ಇವಳ ಫೈನಲ್ ಸರಿಯಿತ್ತು, ಫ್ಲೇರ್ ಸರಿಯಿತ್ತು, ನೆಲ ಮುಟ್ಟಿದ್ದೂ ಸರಿಯಿತ್ತು. ತಪ್ಪಿದ್ದು ಮುಟ್ಟಿದ ಮೇಲಿನ ಒಂದೆರಡು ಸೆಕೆಂಡು. ಅದು ಗೊತ್ತಾಗುವವರೆಗೆ ಖರ್ಚಾದ ಗಂಟೆಗಳೆಲ್ಲ ಸರಿಯಿದ್ದದ್ದನ್ನೇ ಮತ್ತೆ ಮತ್ತೆ ಮಾಡಿಸಿದ ಗಂಟೆಗಳು. ವಿದ್ಯಾರ್ಥಿ ಮೊದಲು ಏನು ಓಡಿಸುತ್ತಿದ್ದ ಅಂತ ಕೇಳಿ. ಅದರಿಂದ ಬಹಳ ತಿಳಿಯುತ್ತದೆ.

ಟ್ಯಾಕ್ಸಿಯನ್ನು ಹಗುರವಾಗಿ ಕಾಣಬೇಡಿ. ಪ್ರತಿ ಹಾರಾಟದಲ್ಲೂ ಹೋಗುವಾಗ ಬರುವಾಗ ಟ್ಯಾಕ್ಸಿ ಇದ್ದೇ ಇರುತ್ತದೆ. ಗಾಳಿ ಇಲ್ಲದ ದಿನವೂ, ಗಾಳಿ ಇದೆ ಅಂದುಕೊಂಡು, ತಿರುವು ತಿರುವಿಗೂ ಯೋಕ್ ಸರಿಯಾದ ಕಡೆ ಇಟ್ಟರೆ ಅಡ್ಡಗಾಳಿಯ ಅರ್ಧ ಪಾಠ ಪುಕ್ಕಟೆ ಸಿಗುತ್ತದೆ. ಇವಳ ಶಾಲೆಯಲ್ಲಿ ಈಗ ಹೊಸಬರಿಗೆ ಮೊದಲ ಟ್ಯಾಕ್ಸಿಯಿಂದಲೇ ಇದನ್ನು ಹೇಳಿಕೊಡುತ್ತಿದ್ದಾರೆ.

ಕಲಿಯುವ ಮಕ್ಕಳಿಗೆ ಹೇಳುವುದು: ಕುರ್ಚಿ ಮೇಲೆ ಕೂತು ಮಾಡುವ ಅಭ್ಯಾಸಕ್ಕೆ ನಾಚಿಕೆ ಬೇಡ. ಆದರೆ ತಪ್ಪು ಅಭ್ಯಾಸವನ್ನೇ ಮನೆಯಲ್ಲಿ ಗಟ್ಟಿ ಮಾಡಿಕೊಳ್ಳಬೇಡಿ. ನಿಮ್ಮ ಇನ್‌ಸ್ಟ್ರಕ್ಟರ್ ಎದುರು ಒಮ್ಮೆ ಮಾಡಿ ತೋರಿಸಿ, ಸರಿ ಅನ್ನಿಸಿಕೊಂಡು ಆಮೇಲೆ ಮಾಡಿ. ಇಳಿಸುವಾಗ ಕಣ್ಣು ರನ್‌ವೇಯ ದೂರದ ತುದಿಯಲ್ಲಿರಲಿ. ಮೂಗಿನ ಹತ್ತಿರದ ನೆಲ ನೋಡಿದರೆ ಜರುಗುವುದು, ತಿರುಗುವುದು ಎರಡೂ ತಡವಾಗಿ ಕಾಣುತ್ತವೆ.

ಈ ಹುಡುಗಿಗೆ ಎಲ್ಲವೂ ಒಲಿದಿದೆ ಅಂತೇನಿಲ್ಲ. ಒಂದೇ ಸಮನೆ ಬೀಸುವ ಗಾಳಿ ಈಗ ಅವಳಿಗೆ ಕಷ್ಟವಿಲ್ಲ. ಏರಿಳಿಯುವ ಗಾಳಿಯಲ್ಲಿ ಇನ್ನೂ ಫ್ಲೇರ್‌ನಲ್ಲಿ ಮೇಲಕ್ಕೆ ತೇಲಿಬಿಡುತ್ತಾಳೆ. ಅದಕ್ಕೆ ಈಗ ಇನ್‌ಸ್ಟ್ರಕ್ಟರ್ ಜೊತೆ ಬೇರೆ ಅಭ್ಯಾಸ ನಡೆದಿದೆ. ಗಾಳಿ 12 ನಾಟ್ ಇದ್ದು ಆಗಾಗ 20ಕ್ಕೆ ಏರುತ್ತಿದ್ದರೆ, ನಡುವಿನ ವ್ಯತ್ಯಾಸ 8, ಅದರ ಅರ್ಧ 4 ನಾಟ್ ಇಳಿದು ಬರುವ (ಅಪ್ರೋಚ್) ವೇಗಕ್ಕೆ ಸೇರಿಸುವುದು. ಕೈಪಿಡಿ ಹೇಳುವ ಹಾಗೆ ರನ್‌ವೇ ಉದ್ದಕ್ಕೆ ಬೇಕಾದಷ್ಟೇ ಫ್ಲ್ಯಾಪ್ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಿಡುವ ಹಲಗೆ) ಇಳಿಸುವುದು. ತೇಲಿದರೆ ತಳ್ಳಿ ಇಳಿಸಲು ಹೋಗದೆ ಗೋ-ಅರೌಂಡ್ ಮಾಡುವುದು. ಮುಂದಿನ ಮಳೆಗಾಲದೊಳಗೆ ಅವಳ ಮಿತಿಯನ್ನು 8ರಿಂದ ಸ್ವಲ್ಪ ಏರಿಸಬಹುದೇ ಅಂತ ಶಾಲೆಯವರು ನೋಡುತ್ತಿದ್ದಾರೆ. ಅವಸರ ಬೇಡ ಅಂತ ಅವಳೇ ಹೇಳಿದ್ದಾಳೆ.